ಪ್ರಾಗ್‌ನಲ್ಲಿ ಒಂದು ಮಧ್ಯಾಹ್ನ: ಕೋಟೆಯಿಂದ ಗಡಿಯಾರದವರೆಗೆ ಇಳಿದು ಬರುವ ದಾರಿ

ಪ್ರಾಗ್ ನೋಡಲು ನಿಮ್ಮ ಬಳಿ ಒಂದೇ ಒಂದು ಮಧ್ಯಾಹ್ನ ಇದ್ದರೆ ಮೇಲಿನಿಂದ ಕೆಳಕ್ಕೆ ನಡೆಯಿರಿ. ಕೋಟೆ ಇರುವ ಗುಡ್ಡದ ನೆತ್ತಿಯಲ್ಲಿ ಆರಂಭಿಸಿ, ಇಳಿಜಾರು ಬೀದಿಗಳಲ್ಲಿ ಇಳಿದು, ಚಾರ್ಲ್ಸ್ ಸೇತುವೆಯ ಮೇಲೆ ವಲ್ಟಾವಾ ನದಿಯನ್ನು ದಾಟಿ, ಹಳೆಯ ಪಟ್ಟಣದ ಚೌಕದಲ್ಲಿ ಮುಗಿಸಿ. ಬಹಳಷ್ಟು ಪ್ರವಾಸಿಗರು ಚೌಕದಿಂದ ಹೊರಟು ಗುಡ್ಡ ಹತ್ತುತ್ತಾರೆ. ಕೋಟೆ ತಲುಪುವ ಹೊತ್ತಿಗೆ ಕಾಲು ಸೋತಿರುತ್ತದೆ, ಒಳಗಿನ ಕಟ್ಟಡಗಳ ಬಾಗಿಲು ಮುಚ್ಚುವ ಸಮಯವೂ ಹತ್ತಿರವಾಗಿರುತ್ತದೆ.

ಇಳಿದು ಬರುವುದಕ್ಕೆ ಇನ್ನೂ ದೊಡ್ಡ ಕಾರಣವೊಂದಿದೆ. 1618ರಲ್ಲಿ ಈ ಕೋಟೆಯ ಒಂದು ಕಿಟಕಿಯ ಬಳಿ ಹೊತ್ತಿಕೊಂಡ ಪ್ರೊಟೆಸ್ಟಂಟ್ ಶ್ರೀಮಂತರ ಬಂಡಾಯಕ್ಕೆ 1621ರಲ್ಲಿ ಕೆಳಗಿನ ಚೌಕದಲ್ಲಿ ಶಿಕ್ಷೆ ನಡೆಯಿತು. ಇಂದು ನಾವು ಕಾಣುವ ಪ್ರಾಗ್‌ನ ಚರ್ಚುಗಳು, ಸೇತುವೆಯ ಮೇಲಿನ ಪ್ರತಿಮೆಗಳು, ಚೌಕದ ಕಂಬ ಇವುಗಳಲ್ಲಿ ಹೆಚ್ಚಿನವು ಆ ಮೂರು ವರ್ಷಗಳ ಫಲ. ಈ ದಾರಿಯಲ್ಲಿ ನಡೆದರೆ ಆ ಕಥೆ ಹೆಚ್ಚುಕಡಿಮೆ ನಡೆದ ಕ್ರಮದಲ್ಲೇ ಎದುರಾಗುತ್ತದೆ. ಅದನ್ನು ಹೇಳಬಲ್ಲ ಒಬ್ಬ ಮಾರ್ಗದರ್ಶಕರು ಜೊತೆಯಲ್ಲಿದ್ದರೆ ನಾಲ್ಕೂವರೆ ಗಂಟೆ ಸಾಕು.

ಹೊರಡುವ ಮೊದಲು

ಸಮಯವನ್ನು ಋತು ನೋಡಿ ಇಟ್ಟುಕೊಳ್ಳಿ. ಕೋಟೆಯ ಅಂಗಳಗಳು ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ತೆರೆದಿರುತ್ತವೆ, ಅಲ್ಲಿಗೆ ಟಿಕೆಟ್ ಬೇಕಿಲ್ಲ. ಟಿಕೆಟ್ ಬೇಕಾದ ಕಟ್ಟಡಗಳು ಮಾತ್ರ ಬೇಸಿಗೆಯಲ್ಲಿ ಸಂಜೆ 5ಕ್ಕೆ, ಚಳಿಗಾಲದಲ್ಲಿ 4ಕ್ಕೇ ಮುಚ್ಚುತ್ತವೆ. ಜೂನ್ ತಿಂಗಳಲ್ಲಿ ರಾತ್ರಿ 9ರವರೆಗೂ ಬೆಳಕಿರುವುದರಿಂದ 1.30ಕ್ಕೆ ಹೊರಟರೂ ಅವಸರವಿಲ್ಲ. ಡಿಸೆಂಬರ್‌ನಲ್ಲಿ ಸಂಜೆ 4ಕ್ಕೇ ಸೂರ್ಯ ಮುಳುಗುತ್ತಾನೆ, ಆಗ 12 ಗಂಟೆಗೇ ಗುಡ್ಡದ ಮೇಲಿರಬೇಕು. ಭಾನುವಾರ ಬೆಳಗ್ಗೆ ಕೋಟೆಯ ಮಹಾಚರ್ಚಿನಲ್ಲಿ ಪ್ರಾರ್ಥನೆ ಇರುವುದರಿಂದ ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನದ ನಂತರವೇ. ನಮ್ಮ ನಡಿಗೆಗೆ ಅದರಿಂದ ತೊಂದರೆಯಿಲ್ಲ.

ಗಟ್ಟಿ ಅಡಿಯ, ಈಗಾಗಲೇ ಹಾಕಿ ಪಳಗಿದ ಶೂ ಧರಿಸಿ. ಇಡೀ ದಾರಿ ಕಲ್ಲು ಹಾಸಿದ್ದು. ಮಳೆ ಬಂದರೆ ಇಳಿಜಾರಿನಲ್ಲಿ ಜಾರುತ್ತದೆ, ಮಂಡಿನೋವಿರುವ ಹಿರಿಯರಿಗೆ ಊರುಗೋಲು ಒಳ್ಳೆಯದು. ನಲ್ಲಿಯ ನೀರು ಕುಡಿಯಲು ಯೋಗ್ಯ, ಒಂದು ಬಾಟಲಿ ತುಂಬಿಸಿಕೊಂಡರೆ ಸಾಕು. ಸಸ್ಯಾಹಾರಿಗಳು ಊಟ ಮುಗಿಸಿಯೇ ಹೊರಡಲಿ. ಅಲ್ಲಿನ ಸೂಪುಗಳು ಬಹುತೇಕ ಮಾಂಸದ ರಸದಲ್ಲಿ ಮಾಡಿದವು, ಆಲೂಗಡ್ಡೆಯ ದೋಸೆಯಂತೆ ಕಾಣುವ ಬ್ರಾಂಬೊರಾಕ್‌ನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಕೇಳದೆ ತಿನ್ನಬೇಡಿ.

ಹಣದ ವಿಷಯದಲ್ಲಿ ಎಚ್ಚರ ಬೇಕು. ಜೆಕ್ ಗಣರಾಜ್ಯ 2004ರಿಂದ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿ ನಡೆಯುವುದು ಕೊರುನಾ, ಯೂರೋ ಅಲ್ಲ. ಬೀದಿಯಲ್ಲಿ ಬಂದು ‘ಒಳ್ಳೆಯ ದರ ಕೊಡುತ್ತೇನೆ’ ಎನ್ನುವವರಿಂದ ದೂರವಿರಿ, ಬೇರೆ ದೇಶದ ಬೆಲೆಯಿಲ್ಲದ ನೋಟು ಕೈಗಿಡುವುದು ಹಳೆಯ ಮೋಸ. ಹಣ ಬದಲಾಯಿಸುವ ಅಂಗಡಿಯಲ್ಲಿ ದರ ತೀರಾ ಕಡಿಮೆ ಸಿಕ್ಕಿದ್ದು ಆಮೇಲೆ ತಿಳಿದರೆ ಗಾಬರಿಯಾಗಬೇಡಿ. 2019ರಿಂದ ಜಾರಿಯಲ್ಲಿರುವ ಕಾನೂನಿನಂತೆ, 1000 ಯೂರೋ ಮೀರದ ವಿನಿಮಯವನ್ನು ಮೂರು ಗಂಟೆಯೊಳಗೆ ರಸೀದಿ ತೋರಿಸಿ ರದ್ದು ಮಾಡಿಸಬಹುದು. ಆದ್ದರಿಂದ ರಸೀದಿ ಎಸೆಯಬೇಡಿ. ಎಟಿಎಂ ‘ನಿಮ್ಮ ದೇಶದ ಹಣಕ್ಕೆ ಪರಿವರ್ತಿಸಲೇ’ ಎಂದು ಕೇಳಿದರೆ ಬೇಡವೆನ್ನಿ, ಕೊರುನಾದಲ್ಲೇ ಲೆಕ್ಕವಾಗಲಿ.

ಮಾರ್ಗದರ್ಶಕರನ್ನು ಆರಿಸುವುದು

ಇಲ್ಲಿ ಕೊಟ್ಟ ಸಮಯ ವ್ಯರ್ಥವಾಗುವುದಿಲ್ಲ. ಚೌಕದಲ್ಲಿ ಬಣ್ಣದ ಕೊಡೆ ಹಿಡಿದು ನಿಂತವರ ‘ಉಚಿತ’ ನಡಿಗೆಗಳು ಕೊನೆಯಲ್ಲಿ ನೀವು ಕೊಡುವ ಇನಾಮಿನ ಮೇಲೆ ನಡೆಯುವಂಥವು. ಅವರಲ್ಲಿ ಬಹಳ ಚೆನ್ನಾಗಿ ಹೇಳುವವರಿದ್ದಾರೆ. ಆದರೆ ಗುಂಪು ದೊಡ್ಡದಾಗಿರುತ್ತದೆ, ಕಟ್ಟಡಗಳ ಒಳಗೆ ಕರೆದೊಯ್ಯುವುದು ಅಪರೂಪ. ಕೋಟೆಯ ಒಳಭಾಗ ನೋಡಬೇಕೆಂದಿದ್ದರೆ, ಅದರಲ್ಲೂ ಅಪ್ಪ ಅಮ್ಮನನ್ನು ಕರೆದುಕೊಂಡು ಬಂದಿದ್ದರೆ, ನಾಲ್ಕೈದು ಜನ ಸೇರಿ ಖಾಸಗಿ ಮಾರ್ಗದರ್ಶಕರನ್ನು ಗೊತ್ತುಮಾಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಜೆಕ್ ಕಾನೂನಿನ ಪ್ರಕಾರ ಮಾರ್ಗದರ್ಶಕರು ಕೆಲಸದಲ್ಲಿರುವಾಗ ಗುರುತಿನ ಚೀಟಿಯನ್ನು ಕಾಣುವಂತೆ ಧರಿಸಬೇಕು. ಅದು ಇದೆಯೇ ನೋಡಿ.

ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ನಡಿಗೆ ಎಲ್ಲಿ ಶುರುವಾಗುತ್ತದೆ? ಹಳೆಯ ಅರಮನೆಯ ಒಳಗೆ ಹೋಗುತ್ತೇವೆಯೇ, ಅದರ ಟಿಕೆಟ್ ಬೆಲೆಯಲ್ಲಿ ಸೇರಿದೆಯೇ? ನಡುವೆ ಯಾವುದಾದರೂ ಅಂಗಡಿಯಲ್ಲಿ ನಿಲ್ಲಿಸುತ್ತೀರಾ? ಮೂರನೆಯದಕ್ಕೆ ಹೌದೆಂದರೆ ಬೇರೆಯವರನ್ನು ಹುಡುಕಿ. ಮಧ್ಯಾಹ್ನದ ಇಪ್ಪತ್ತು ನಿಮಿಷವನ್ನು ಗಾಜಿನ ಸಾಮಾನಿನ ಮುಂದೆ ಕಳೆಯಲು ನೀವು ಅಷ್ಟು ದೂರ ಬಂದಿಲ್ಲ.

ನಡಿಗೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಮನೆಯ ಹಿರಿಯರಿಗೆ ಇಂಗ್ಲಿಷ್ ವೇಗವಾಗಿ ಅರ್ಥವಾಗದಿದ್ದರೆ ಹಿಂದಿನ ರಾತ್ರಿಯೇ ಕಿಟಕಿ, ಯುದ್ಧ, ಮರಣದಂಡನೆ ಈ ಮೂರನ್ನು ಕನ್ನಡದಲ್ಲಿ ಕಥೆಯಾಗಿ ಹೇಳಿಬಿಡಿ. ಸ್ಥಳದಲ್ಲಿ ಸಾಲು ಸಾಲಾಗಿ ಅನುವಾದಿಸುತ್ತ ನಿಂತರೆ ಇಬ್ಬರಿಗೂ ಏನೂ ದಕ್ಕುವುದಿಲ್ಲ. ಕಥೆ ಮೊದಲೇ ಗೊತ್ತಿದ್ದರೆ ಅವರೇ ‘ಆ ಕಿಟಕಿ ಇದೇನಾ?’ ಎಂದು ಕೇಳುತ್ತಾರೆ.

ಮಾರ್ಗದರ್ಶಕರು ನಿಮ್ಮ ಊರು ಕೇಳಿದಾಗ ಕರ್ನಾಟಕ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಜಾವಾ ಮೋಟಾರ್ ಸೈಕಲ್ ಹುಟ್ಟಿದ್ದು ಇದೇ ಪ್ರಾಗ್‌ನಲ್ಲಿ, 1929ರಲ್ಲಿ. 1960ರ ದಶಕದ ಆರಂಭದಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಅದನ್ನು ತಯಾರಿಸಿತು, ಮುಂದೆ ಅದೇ ಯೆಜ್ಡಿ ಎಂಬ ಹೆಸರಿನಲ್ಲಿ ಓಡಾಡಿತು. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೆ ಮೈಸೂರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಬೈಕಿನಿಂದ. ಈ ನಂಟನ್ನು ಹೇಳಿದರೆ ಸಿದ್ಧಪಾಠ ಒಪ್ಪಿಸುತ್ತಿದ್ದವರೂ ನಿಜವಾಗಿ ಮಾತಿಗೆ ತೊಡಗುತ್ತಾರೆ.

ಹೆಜ್ಜೆ 1: ಟ್ರಾಮ್ ಹಿಡಿದು ಪೊಹೊರ್ಜೆಲೆಟ್ಸ್‌ಗೆ

22ನೇ ಸಂಖ್ಯೆಯ ಟ್ರಾಮ್ ಹತ್ತಿ. ಕಾಗದದ ಟಿಕೆಟ್ ಕೊಂಡಿದ್ದರೆ ಹತ್ತಿದ ಕೂಡಲೇ ಹಳದಿ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಿ. ಮುದ್ರೆಯಿಲ್ಲದ ಟಿಕೆಟ್ ಇದ್ದೂ ಇಲ್ಲದಂತೆ, ತಪಾಸಣೆಯವರು ದಂಡ ಹಾಕುತ್ತಾರೆ. ಟ್ರಾಮಿನ ಹಣೆಯ ಮೇಲೆ ‘ಬೀಲಾ ಹೋರಾ’ ಎಂದು ಬರೆದಿರುವುದನ್ನು ಗಮನಿಸಿ. ಅದು ಈ ಮಾರ್ಗದ ಕೊನೆಯ ನಿಲ್ದಾಣ, ನಮ್ಮ ಕಥೆಯ ಯುದ್ಧಭೂಮಿಯೂ ಅದೇ.

ಕೋಟೆಯ ಹೆಸರಿನ ನಿಲ್ದಾಣ ಮೊದಲು ಬರುತ್ತದೆ, ಹೆಚ್ಚಿನವರು ಅಲ್ಲೇ ಇಳಿಯುತ್ತಾರೆ. ನೀವು ಮುಂದೆ ಹೋಗಿ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಕೋಟೆಯ ಮುಖ್ಯದ್ವಾರಕ್ಕೆ ಹತ್ತು ಹದಿನೈದು ನಿಮಿಷದ ನಡಿಗೆ. ದಾರಿಯಲ್ಲಿ 1626ರಲ್ಲಿ ಆರಂಭವಾದ ಲೊರೆಟಾ ಎಂಬ ಯಾತ್ರಾಸ್ಥಳ ಸಿಗುತ್ತದೆ. ಅದರ ಗೋಪುರದ 27 ಗಂಟೆಗಳು ಪ್ರತಿ ಗಂಟೆಗೆ ಮೇರಿಯ ಸ್ತುತಿಗೀತೆಯೊಂದನ್ನು ನುಡಿಸುತ್ತವೆ. ಸರಿಯಾಗಿ 2ಕ್ಕೆ ಅಲ್ಲಿದ್ದರೆ ಕೇಳಿಸಿಕೊಂಡು ಹೋಗಿ.

ಹೆಜ್ಜೆ 2: ಕೋಟೆ, ಚರ್ಚು ಮತ್ತು ಆ ಕಿಟಕಿ

ಒಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ನೆಲೆಗೊಂಡ ಈ ಕೋಟೆ ಸುಮಾರು 70,000 ಚದರ ಮೀಟರ್ ಹರಡಿಕೊಂಡಿದೆ. ಗಿನ್ನೆಸ್ ದಾಖಲೆಯಂತೆ ಪ್ರಾಚೀನ ಕೋಟೆಗಳಲ್ಲಿ ಇದೇ ಅತಿ ದೊಡ್ಡದು. ದ್ವಾರದಲ್ಲಿ ಭದ್ರತಾ ತಪಾಸಣೆ ಇರಬಹುದು, ದೊಡ್ಡ ಚೀಲ ತರಬೇಡಿ. ಅಧ್ಯಕ್ಷರ ಕಚೇರಿ ಇಲ್ಲೇ ಇರುವುದರಿಂದ ಕಾವಲುಗಾರರು ಪ್ರತಿ ಗಂಟೆಗೆ ಬದಲಾಗುತ್ತಾರೆ.

ಮೂರನೇ ಅಂಗಳಕ್ಕೆ ಕಾಲಿಟ್ಟೊಡನೆ ಸಂತ ವೀಟಸ್ ಮಹಾಚರ್ಚು ಕಣ್ಣಿಗೆ ಅಪ್ಪಳಿಸುತ್ತದೆ. ಅದರ ಕೆಲಸ ಆರಂಭವಾದದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಮೊದಲ ಶಿಲ್ಪಿ ಅರಾಸ್‌ನ ಮಥಿಯಾಸ್ ತೀರಿಕೊಂಡ ಬಳಿಕ 1356ರಲ್ಲಿ ಪೀಟರ್ ಪಾರ್ಲರ್ ಎಂಬ ಇಪ್ಪತ್ತರ ಹರೆಯದ ಯುವಕನನ್ನು ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಕರೆಸಿಕೊಂಡ. ಧರ್ಮಸುಧಾರಕ ಯಾನ್ ಹುಸ್‌ನ ಅನುಯಾಯಿಗಳಾದ ಹುಸ್ಸೈಟರ ಹದಿನೈದನೇ ಶತಮಾನದ ಯುದ್ಧಗಳಲ್ಲಿ ಕೆಲಸ ನಿಂತಿತು, ಚರ್ಚು ಶತಮಾನಗಳ ಕಾಲ ಅರ್ಧಕ್ಕೇ ಉಳಿಯಿತು. ಈಗ ನೀವು ಒಳಹೋಗುವ ಪಶ್ಚಿಮದ ಬಾಗಿಲು, ಅದರ ಮೇಲಿನ ಜೋಡಿ ಗೋಪುರಗಳು ಹತ್ತೊಂಬತ್ತು-ಇಪ್ಪತ್ತನೇ ಶತಮಾನದವು. ಪೂರ್ವಕ್ಕೆ ನಡೆದಷ್ಟೂ ಕಟ್ಟಡ ಹಳೆಯದಾಗುತ್ತ ಹೋಗುತ್ತದೆ. ಹೊಸ ಭಾಗದ ಎಡಗಡೆ ಜೆಕ್ ಚಿತ್ರಕಾರ ಅಲ್ಫೋನ್ಸ್ ಮೂಹಾ ರೂಪಿಸಿದ 1931ರ ಬಣ್ಣದ ಗಾಜಿನ ಕಿಟಕಿ ಇದೆ. ಮಧ್ಯಾಹ್ನದ ಬೆಳಕಿನಲ್ಲಿ ಅದರ ನೀಲಿ, ಹಸಿರುಗಳನ್ನು ನಿಧಾನವಾಗಿ ನೋಡಬೇಕು.

ಪ್ರವೇಶದ ಹತ್ತಿರದ ಜಾಗ ಉಚಿತ. ಅಲ್ಲಿಂದ ಇಣುಕಿ ಹೊರಬರುವವರೇ ಹೆಚ್ಚು. ಟಿಕೆಟ್ ತೆಗೆದುಕೊಂಡು ಮುಂದೆ ಹೋಗಿ. ಬಲಗಡೆಯ ಸಂತ ವೆನ್ಸೆಸ್ಲಾಸ್ ಗುಡಿಯ ಗೋಡೆಗೆ ನಯಗೊಳಿಸಿದ ಬಣ್ಣದ ಕಲ್ಲುಗಳನ್ನು ಕೂರಿಸಿದ್ದಾರೆ. ಒಳಗೆ ಬಿಡುವುದಿಲ್ಲ, ಬಾಗಿಲಲ್ಲಿ ನಿಂತು ನೋಡಬೇಕು. ಪ್ರಾಗ್ ರಾಜಧಾನಿಯಾಗಿದ್ದ ಹಳೆಯ ರಾಜ್ಯ ಬೊಹಿಮಿಯಾದ ಕಿರೀಟ ಇರುವ ಕೋಣೆಯ ದಾರಿ ಆ ಗುಡಿಯ ಮೂಲಕವೇ. ಅದಕ್ಕೆ ಏಳು ಬೀಗ, ಏಳು ಕೀಲಿ. ಅವು ಅಧ್ಯಕ್ಷ, ಪ್ರಧಾನಿ, ಆರ್ಚ್‌ಬಿಷಪ್ ಸೇರಿ ಏಳು ಜನರ ಬಳಿ ಇವೆ. ಇನ್ನೂ ಮುಂದೆ ಸಂತ ಯಾನ್ ನೆಪೋಮುಕ್‌ನ ಬೆಳ್ಳಿಯ ಸಮಾಧಿ ಇದೆ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಸೇತುವೆಯ ಮೇಲೆ ಮತ್ತೆ ಬೇಕಾಗುತ್ತದೆ.

ಅದೇ ಟಿಕೆಟಿನಲ್ಲಿ ಹಳೆಯ ಅರಮನೆಗೆ ಬನ್ನಿ. 62 ಮೀಟರ್ ಉದ್ದದ ವ್ಲಾಡಿಸ್ಲಾವ್ ಸಭಾಂಗಣದ ಒಳಗೆ ಕುದುರೆ ಸವಾರರ ಪಂದ್ಯಗಳು ನಡೆಯುತ್ತಿದ್ದವು. ಕುದುರೆಗಳು ಹತ್ತಿ ಬರಲೆಂದೇ ಅಗಲ ಮೆಟ್ಟಿಲುಗಳ ದಾರಿಯೊಂದಿದೆ. ಈ ಸಭಾಂಗಣದ ಪಕ್ಕದ ರಾಜ್ಯದ ಕಚೇರಿಯ ಕೋಣೆಗಳಲ್ಲಿ ನಾವು ಹುಡುಕುತ್ತಿರುವ ಕಿಟಕಿ ಇದೆ.

1618ರ ಮೇ 23ರಂದು ಪ್ರೊಟೆಸ್ಟಂಟ್ ಶ್ರೀಮಂತರು ಈ ಕೋಣೆಗೆ ನುಗ್ಗಿದರು. ತಮಗೆ ಕೊಟ್ಟಿದ್ದ ಧಾರ್ಮಿಕ ಸ್ವಾತಂತ್ರ್ಯದ ಮಾತನ್ನು ಬೊಹಿಮಿಯಾವನ್ನು ಆಳುತ್ತಿದ್ದ ಕ್ಯಾಥೊಲಿಕ್ ರಾಜವಂಶವಾದ ಹ್ಯಾಬ್ಸ್‌ಬರ್ಗ್ ಆಡಳಿತ ಮುರಿಯುತ್ತಿದೆ ಎಂಬುದು ಅವರ ಸಿಟ್ಟು. ವಾಗ್ವಾದ ಮುಗಿಯುವಷ್ಟರಲ್ಲಿ ಸ್ಲಾವಾಟಾ, ಮಾರ್ಟಿನಿಟ್ಸ್ ಎಂಬ ಇಬ್ಬರು ಕ್ಯಾಥೊಲಿಕ್ ಅಧಿಕಾರಿಗಳನ್ನೂ ಅವರ ಕಾರ್ಯದರ್ಶಿ ಫಾಬ್ರಿಸಿಯಸ್‌ನನ್ನೂ ಕಿಟಕಿಯಿಂದ ಹೊರಗೆಸೆದರು. ಸುಮಾರು 21 ಮೀಟರ್ ಕೆಳಗೆ ಬಿದ್ದರೂ ಮೂವರೂ ಬದುಕಿದರು. ಮೇರಿಮಾತೆ ಕಾಪಾಡಿದಳೆಂದು ಕ್ಯಾಥೊಲಿಕರು ಹೇಳಿದರು, ಸಗಣಿಯ ರಾಶಿ ಕಾಪಾಡಿತೆಂದು ಪ್ರೊಟೆಸ್ಟಂಟರು. ಫಾಬ್ರಿಸಿಯಸ್‌ಗೆ ಆಮೇಲೆ ಚಕ್ರವರ್ತಿ ಕೊಟ್ಟ ಬಿರುದಿನ ಅರ್ಥ ‘ಎತ್ತರದಿಂದ ಬಿದ್ದವನು’. ನಗು ಬರಿಸುವ ಈ ಘಟನೆಯಿಂದ ಮೂವತ್ತು ವರ್ಷಗಳ ಯುದ್ಧ ಹೊತ್ತಿಕೊಂಡಿತು, ಮಧ್ಯ ಯುರೋಪಿನಲ್ಲಿ ಲಕ್ಷಾಂತರ ಜನ ಸತ್ತರು. ಕಿಟಕಿಯ ಬಳಿ ನಿಂತು ಕೆಳಗೆ ನೋಡಿ, ಆಮೇಲೆ ಮಾರ್ಗದರ್ಶಕರನ್ನು ಬೀಲಾ ಹೋರಾ ಬಗ್ಗೆ ಕೇಳಿ. 1620ರ ನವೆಂಬರ್ 8ರಂದು ಅಲ್ಲಿ ಬಂಡಾಯಗಾರರ ಸೇನೆ ಒಂದೆರಡು ಗಂಟೆಯಲ್ಲೇ ಸೋತುಹೋಯಿತು.

ಗೋಲ್ಡನ್ ಲೇನ್ ಎಂಬ ಪುಟ್ಟ ಮನೆಗಳ ಓಣಿಯನ್ನು ನಾನು ಈ ಮಧ್ಯಾಹ್ನದಿಂದ ಬಿಟ್ಟಿದ್ದೇನೆ. ಅಲ್ಲಿನ 22ನೇ ಮನೆಯಲ್ಲಿ 1916-17ರಲ್ಲಿ ಲೇಖಕ ಕಾಫ್ಕಾ ಕುಳಿತು ಬರೆಯುತ್ತಿದ್ದ. ಅವನನ್ನು ಪ್ರೀತಿಸುವವರು ಹೋಗಲಿ. ಉಳಿದವರು ಆ ಅರ್ಧ ಗಂಟೆಯನ್ನು ಅರಮನೆಗೇ ಕೊಡುವುದು ಒಳ್ಳೆಯದು.

ಹೆಜ್ಜೆ 3: ನೆರುಡೋವಾ ಬೀದಿಯಲ್ಲಿ ಇಳಿಯುವುದು

ಮುಖ್ಯದ್ವಾರದಿಂದ ಹೊರಬಂದು ನೆರುಡೋವಾ ಬೀದಿ ಹಿಡಿಯಿರಿ. ಬಾಗಿಲುಗಳ ಮೇಲೆ ನೋಡುತ್ತ ಇಳಿಯಬೇಕು: ಮೂರು ಪಿಟೀಲು, ಎರಡು ಸೂರ್ಯ, ಕೆಂಪು ಕುರಿಮರಿ. 1770ರಲ್ಲಿ ಮನೆಗಳಿಗೆ ಸಂಖ್ಯೆ ಕೊಡುವ ಮೊದಲು ವಿಳಾಸವೆಂದರೆ ಈ ಚಿತ್ರಗಳೇ. ಮಕ್ಕಳಿದ್ದರೆ ಎಣಿಸಲು ಹೇಳಿ, ಇಳಿಜಾರು ಕಳೆದದ್ದೇ ತಿಳಿಯುವುದಿಲ್ಲ.

ಕೆಳಗೆ, ಕೋಟೆಯ ಬುಡದ ಬಡಾವಣೆಯಾದ ಮಾಲಾ ಸ್ತ್ರಾನಾದಲ್ಲಿ ಸಂತ ನಿಕೋಲಸ್ ಚರ್ಚಿನ ಹಸಿರು ಗುಮ್ಮಟ ಕಾಣುತ್ತದೆ. ಯುದ್ಧದಲ್ಲಿ ಗೆದ್ದ ಕ್ಯಾಥೊಲಿಕ್ ಪಕ್ಷದ ಆತ್ಮವಿಶ್ವಾಸ ಕಲ್ಲು, ಬಣ್ಣಗಳಲ್ಲಿ ಹೇಗಿತ್ತು ಎಂಬುದಕ್ಕೆ ಜೆಸ್ವಿಟರು ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘ ಕಟ್ಟಿಸಿದ ಈ ಚರ್ಚಿಗಿಂತ ಬೇರೆ ಉದಾಹರಣೆ ಬೇಡ. ಅದರ ಗಂಟೆ ಗೋಪುರದಿಂದ ಕಮ್ಯುನಿಸ್ಟ್ ಕಾಲದ ರಹಸ್ಯ ಪೊಲೀಸರು ಸುತ್ತಲಿನ ರಾಯಭಾರ ಕಚೇರಿಗಳ ಮೇಲೆ ಕಣ್ಣಿಡುತ್ತಿದ್ದರು. ಇಲ್ಲಿ ಹತ್ತು ನಿಮಿಷ ಕುಳಿತು ಕಾಫಿ ಕುಡಿಯಿರಿ, ಮುಂದೆ ಕೂರಲು ಜಾಗ ಸಿಗುವುದು ಕಷ್ಟ.

ಹೆಜ್ಜೆ 4: ಸೇತುವೆಯನ್ನು ಅವಸರವಿಲ್ಲದೆ ದಾಟುವುದು

1342ರ ಪ್ರವಾಹದಲ್ಲಿ ಹಿಂದಿನ ಕಲ್ಲಿನ ಸೇತುವೆ ಹಾಳಾಯಿತು. ನಾಲ್ಕನೇ ಚಾರ್ಲ್ಸ್ 1357ರಲ್ಲಿ ಹೊಸದಕ್ಕೆ ಅಡಿಗಲ್ಲು ಹಾಕಿಸಿದ. ಜುಲೈ 9ರ ಬೆಳಗ್ಗೆ 5.31ಕ್ಕೆ ಮುಹೂರ್ತವಿಟ್ಟಿದ್ದರೆಂದು ಜನ ಹೇಳುತ್ತಾರೆ. ವರ್ಷ, ದಿನ, ತಿಂಗಳು, ಗಂಟೆ, ನಿಮಿಷ ಜೋಡಿಸಿದರೆ 1-3-5-7-9-7-5-3-1 ಎಂದು ಏರಿ ಇಳಿಯುತ್ತದೆ. ಇದು ಐತಿಹ್ಯ, ಆದರೆ ಮುಹೂರ್ತ ನೋಡುವ ನಮಗೆ ತಕ್ಷಣ ಹಿಡಿಸುವ ಐತಿಹ್ಯ.

516 ಮೀಟರ್ ಉದ್ದ, 16 ಕಮಾನು, 30 ಪ್ರತಿಮೆ ಅಥವಾ ಪ್ರತಿಮಾ ಗುಂಪು. ಎಲ್ಲದರ ಮುಂದೆಯೂ ನಿಲ್ಲಬೇಡಿ, ಎರಡನ್ನು ಚೆನ್ನಾಗಿ ನೋಡಿ. ಮಾಲಾ ಸ್ತ್ರಾನಾ ಕಡೆಯಿಂದ ಬರುವಾಗ ಎಡಗಡೆ, ತಲೆಯ ಸುತ್ತ ಐದು ನಕ್ಷತ್ರಗಳಿರುವವನು ಯಾನ್ ನೆಪೋಮುಕ್. 1683ರ ಈ ಪ್ರತಿಮೆಯೇ ಸೇತುವೆಯ ಪ್ರತಿಮೆಗಳಲ್ಲಿ ಹಳೆಯದು. ರಾಣಿ ಪಾಪನಿವೇದನೆಯಲ್ಲಿ ಹೇಳಿದ ಗುಟ್ಟನ್ನು ರಾಜನಿಗೆ ಬಿಟ್ಟುಕೊಡದ್ದಕ್ಕೆ 1393ರಲ್ಲಿ ಅವನನ್ನು ನದಿಗೆ ಎಸೆದರೆಂದು ಕಥೆ. ಇತಿಹಾಸಕಾರರು ಹೇಳುವ ಕಾರಣ ಚರ್ಚಿನ ಅಧಿಕಾರದ ಜಗಳ. 1729ರಲ್ಲಿ ಅವನಿಗೆ ಸಂತ ಪದವಿ ದೊರೆಯಿತು. ಪ್ರೊಟೆಸ್ಟಂಟರು ಹುತಾತ್ಮನೆಂದು ಗೌರವಿಸುವ ಯಾನ್ ಹುಸ್‌ನ ನೆನಪಿನ ಎದುರು ಈ ಇನ್ನೊಬ್ಬ ಯಾನ್‌ನನ್ನು ನಿಲ್ಲಿಸಲಾಯಿತು ಎನ್ನುವವರಿದ್ದಾರೆ. ಮಾರ್ಗದರ್ಶಕರ ಅಭಿಪ್ರಾಯ ಕೇಳಿ, ಅವರ ಓದು ಎಷ್ಟಿದೆ ಎಂಬುದೂ ಉತ್ತರದಲ್ಲಿ ಗೊತ್ತಾಗುತ್ತದೆ.

ಎರಡನೆಯದು ಇನ್ನೂ ಮುಂದೆ, ಬಲಗಡೆ: ಸಂತ ಫ್ರಾನ್ಸಿಸ್ ಜೇವಿಯರ್. ಗೋವಾದಲ್ಲಿ ಯಾರ ದೇಹವಿದೆಯೋ ಆತನೇ. ಶಿಲ್ಪಿ ಬ್ರೊಕೊಫ್ 1711ರಲ್ಲಿ ಕಡೆದ ಈ ಗುಂಪಿನಲ್ಲಿ ಸಂತನನ್ನು ಪೂರ್ವ ದೇಶಗಳ ಜನ ಹೊತ್ತು ನಿಂತಿದ್ದಾರೆ. ಮತಾಂತರವನ್ನು ವಿಜಯವೆಂದು ಬಗೆದವರ ಕಣ್ಣಿಗೆ ನಾವು ಹೇಗೆ ಕಂಡಿದ್ದೆವು ಎಂಬುದನ್ನು ನದಿಯ ನಡುವೆ ನಿಂತು ನೋಡುವುದು ವಿಚಿತ್ರ ಅನುಭವ. 1890ರ ಪ್ರವಾಹದಲ್ಲಿ ಮೂಲ ಪ್ರತಿಮೆ ನೀರಿಗೆ ಬಿತ್ತು, ಈಗಿರುವುದು ಪ್ರತಿಕೃತಿ. ಸೇತುವೆಯ ಬಹುತೇಕ ಪ್ರತಿಮೆಗಳೂ ಹಾಗೆಯೇ.

ಸೇತುವೆಯ ಕೊನೆಯ ಗೋಪುರ ಪಾರ್ಲರನ ಕೈಚಳಕ. ಅದರ ಅಂದವನ್ನು ನೋಡಿದ ಮೇಲೆ ಇದನ್ನೂ ತಿಳಿಯಬೇಕು: ಬಂಡಾಯ ಸೋತ ಮೇಲೆ ಮರಣದಂಡನೆಗೆ ಒಳಗಾದವರಲ್ಲಿ ಹನ್ನೆರಡು ಜನರ ತಲೆಗಳನ್ನು ಇದೇ ಗೋಪುರಕ್ಕೆ ನೇತುಹಾಕಿದರು. ಹತ್ತು ವರ್ಷ ಅವು ಅಲ್ಲೇ ಇದ್ದವು.

ಇಲ್ಲಿಂದ ಚೌಕಕ್ಕೆ ಕಾರ್ಲೋವಾ ಬೀದಿ ನೇರ ದಾರಿ. ಅದು ನೆನಪಿನ ಕಾಣಿಕೆಗಳ ಅಂಗಡಿ ಸಾಲು, ಜನಸಂದಣಿ, ಜೇಬುಗಳ್ಳರು. ಬಾಗಿಲು ತೆರೆದಿದ್ದರೆ ಕ್ಲೆಮೆಂಟಿನಮ್‌ನ ಒಳ ಅಂಗಳಗಳ ಮೂಲಕ ಹೋಗಿ. ಜೆಸ್ವಿಟರ ಕಾಲೇಜಾಗಿದ್ದ ಇಲ್ಲಿ ಈಗ ರಾಷ್ಟ್ರೀಯ ಗ್ರಂಥಾಲಯವಿದೆ. 1775ರಿಂದ ಇಂದಿನವರೆಗೆ ಪ್ರತಿದಿನದ ಉಷ್ಣಾಂಶ ಬರೆದಿಟ್ಟ ಸ್ಥಳ ಇದು. ದಾರಿಯಲ್ಲಿ ಕಂಬಿಗೆ ಸುತ್ತಿ ಸುಡುವ ಟ್ರ್ಡೆಲ್ನಿಕ್ ಎಂಬ ಸಿಹಿಯನ್ನು ‘ಹಳೆಯ ಜೆಕ್ ತಿನಿಸು’ ಎಂದು ಮಾರುತ್ತಾರೆ. ಪ್ರಾಗ್‌ನಲ್ಲಿ ಅದು ಇತ್ತೀಚಿನ ದಶಕಗಳದ್ದು. ರುಚಿಗಾಗಿ ಬೇಕಾದರೆ ತಿನ್ನಿ.

ಹೆಜ್ಜೆ 5: ಚೌಕ ಮತ್ತು ಗಡಿಯಾರ

ಗಂಟೆ ಬಾರಿಸಲು ಇಪ್ಪತ್ತೈದು ನಿಮಿಷ ಇರುವಂತೆ ಚೌಕ ತಲುಪಿ. ಮೊದಲು ಹಳೆಯ ಪುರಭವನದ ಪೂರ್ವದ ಗೋಡೆಯ ಬಳಿ ನೆಲ ನೋಡಿ. ಹಾಸುಗಲ್ಲುಗಳ ನಡುವೆ 27 ಬಿಳಿ ಶಿಲುಬೆಗಳಿವೆ. 1621ರ ಜೂನ್ 21ರಂದು ಇಲ್ಲಿ ಮೂವರು ಪ್ರಭುಗಳು, ಏಳು ಸರದಾರರು, ಹದಿನೇಳು ಪಟ್ಟಣಿಗರನ್ನು ಒಬ್ಬೊಬ್ಬರನ್ನಾಗಿ ಕೊಂದರು. ಅವರಲ್ಲಿ ಒಬ್ಬ ಯಾನ್ ಯೆಸೆನಿಯಸ್. 1600ರಲ್ಲಿ ಪ್ರಾಗ್‌ನಲ್ಲಿ ಮೊದಲ ಬಾರಿಗೆ ಸಾರ್ವಜನಿಕವಾಗಿ ಶವಪರೀಕ್ಷೆ ನಡೆಸಿ ತೋರಿಸಿದ ವೈದ್ಯ. ಅವನ ನಾಲಿಗೆ ಕತ್ತರಿಸಿ ಆಮೇಲೆ ತಲೆ ಕಡಿದರು. ಗಡಿಯಾರಕ್ಕೆ ಜಾಗ ಹಿಡಿಯಲು ಓಡುವ ಜನ ಈ ಶಿಲುಬೆಗಳನ್ನು ತುಳಿದುಕೊಂಡೇ ಹೋಗುತ್ತಾರೆ. ನೀವು ಸ್ವಲ್ಪ ಹೊತ್ತು ನಿಂತು ಗೋಡೆಯ ಮೇಲಿನ ಹೆಸರುಗಳನ್ನು ಓದಿ.

ಹಿಂದಿರುಗಿ ತಿನ್ ಚರ್ಚಿನ ಅವಳಿ ಗೋಪುರಗಳ ನಡುವೆ ನೋಡಿದರೆ ಚಿನ್ನದ ಪ್ರಭೆಯ ಮೇರಿ ಕಾಣುತ್ತಾಳೆ. ಅಲ್ಲಿ ಮೊದಲು ಇದ್ದದ್ದು ಹುಸ್ಸೈಟರ ಗುರುತಾದ ಚಿನ್ನದ ಪಾನಪಾತ್ರೆ. ಸೋಲಿನ ನಂತರ ಅದನ್ನಿಳಿಸಿ ಆ ಚಿನ್ನವನ್ನು ಮೇರಿಯ ಪ್ರತಿಮೆಗೆ ಬಳಸಿದರು. ಚೌಕದಲ್ಲಿ ಮೇರಿಯ ಕಂಬ 1650ರಲ್ಲಿ ನಿಂತಿತು. 1918ರಲ್ಲಿ ಸ್ವಾತಂತ್ರ್ಯ ಬಂದ ಕೆಲವೇ ದಿನಗಳಲ್ಲಿ, ಹ್ಯಾಬ್ಸ್‌ಬರ್ಗ್ ದಬ್ಬಾಳಿಕೆಯ ಗುರುತೆಂದು ಜನ ಅದನ್ನು ಉರುಳಿಸಿದರು. 2020ರಲ್ಲಿ ಮತ್ತೆ ಎಬ್ಬಿಸಿದ್ದಾರೆ. ಅದರ ಎದುರಿಗೇ 1915ರಲ್ಲಿ ನಿಲ್ಲಿಸಿದ ಯಾನ್ ಹುಸ್ ಸ್ಮಾರಕ. ನಾನೂರು ವರ್ಷದ ವಾದ ಒಂದೇ ಚೌಕದಲ್ಲಿ ಇನ್ನೂ ನಡೆಯುತ್ತಿದೆ.

ಈಗ ಗಡಿಯಾರ. ಓರ್ಲೋಯ್ ಎಂದು ಕರೆಯುವ ಇದು 1410ರದ್ದು, ಇನ್ನೂ ನಡೆಯುತ್ತಿರುವ ಖಗೋಳ ಗಡಿಯಾರಗಳಲ್ಲಿ ಅತ್ಯಂತ ಹಳೆಯದು. ಬೆಳಗ್ಗೆ 9ರಿಂದ ರಾತ್ರಿ 11ರವರೆಗೆ ಪ್ರತಿ ಗಂಟೆಗೆ ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಕಿಟಕಿಗಳಲ್ಲಿ ಯೇಸುವಿನ ಶಿಷ್ಯರಾದ ಹನ್ನೆರಡು ಅಪೊಸ್ತಲರ ಬೊಂಬೆಗಳು ಹಾದುಹೋಗುತ್ತವೆ. ಒಂದು ನಿಮಿಷವೂ ಆಗದ ಈ ಆಟ ನೋಡಿ ‘ಇಷ್ಟೇನಾ’ ಎಂದು ಹೊರಡುವವರು ಅದರ ನಿಜವಾದ ಅದ್ಭುತವನ್ನೇ ಬಿಟ್ಟು ಹೋಗುತ್ತಾರೆ. ಗಂಟೆ ಬಾರಿಸುವ ಮೊದಲೇ ಮುಖಫಲಕವನ್ನು ಓದಿ. ಅದು ಗೋಡೆಯ ಮೇಲೆ ತಿರುಗುವ ಪಂಚಾಂಗ. ಸೂರ್ಯನ ಮುಳ್ಳು ಅವನಿರುವ ರಾಶಿಯನ್ನು ತೋರಿಸುತ್ತದೆ. ಚಂದ್ರನ ಗೋಳ ಅರ್ಧ ಕಪ್ಪು, ಅರ್ಧ ಬೆಳ್ಳಿ, ಅದು ತಿರುಗುತ್ತ ಪಕ್ಷಗಳನ್ನು ತೋರಿಸುತ್ತದೆ. ಹೊರಗಿನ ಬಳೆಯಲ್ಲಿ ಸೂರ್ಯಾಸ್ತದಿಂದ ಎಣಿಸುವ ಹಳೆಯ ಬೊಹಿಮಿಯಾದ ಗಂಟೆಗಳಿವೆ. ಋತು ಬದಲಾದಂತೆ ಆ ಬಳೆಯೂ ಸರಿಯುತ್ತದೆ. ಒಂದು ವ್ಯತ್ಯಾಸವನ್ನು ಗಮನಿಸಿ: ಇಲ್ಲಿನ ರಾಶಿಗಳು ಸಾಯನ ಪದ್ಧತಿಯವು, ಅಂದರೆ ಋತುಗಳನ್ನು ಆಧರಿಸಿದವು. ಡಿಸೆಂಬರ್ 22ರ ಸುಮಾರಿಗೆ ಇದರ ಸೂರ್ಯ ಮಕರಕ್ಕೆ ಹೋಗುತ್ತಾನೆ. ನಕ್ಷತ್ರಗಳನ್ನು ಆಧರಿಸಿದ ನಮ್ಮ ನಿರಯನ ಲೆಕ್ಕದ ಸಂಕ್ರಾಂತಿಗೆ ಆಗ ಇನ್ನೂ ಮೂರು ವಾರ ಇರುತ್ತದೆ.

ಮತ್ತೆ ಇಂಥದ್ದು ಮಾಡದಿರಲೆಂದು ಹನುಷ್ ಎಂಬ ಕುಶಲಕರ್ಮಿಯ ಕಣ್ಣು ಕೀಳಿಸಿದರೆಂಬ ಕಥೆಯನ್ನು ಮಾರ್ಗದರ್ಶಕರು ಹೇಳಿಯೇ ಹೇಳುತ್ತಾರೆ. ಅದು ಕಟ್ಟುಕಥೆ. ನಿರ್ಮಿಸಿದವನು ಕಡಾನಿನ ಮಿಕುಲಾಷ್, ಖಗೋಳದ ಲೆಕ್ಕಕ್ಕೆ ನೆರವಾದವನು ಯಾನ್ ಶಿಂಡೆಲ್. ಗಂಟೆ ಬಾರಿಸುವಾಗ ಎಲ್ಲರ ಕತ್ತು ಮೇಲಿರುತ್ತದೆ, ನಿಮ್ಮ ಕೈ ಮಾತ್ರ ಚೀಲದ ಮೇಲಿರಲಿ.

ಮರುದಿನಕ್ಕೆ ಉಳಿಸಬೇಕಾದದ್ದು

ಚೌಕದಿಂದ ಯೆಹೂದಿಗಳ ಕೇರಿ ಯೊಸೆಫೊವ್‌ಗೆ ಐದು ನಿಮಿಷದ ದಾರಿ. ಕೆಲವು ನಡಿಗೆಗಳು ಅದನ್ನೂ ಕೊನೆಯ ಇಪ್ಪತ್ತು ನಿಮಿಷದಲ್ಲಿ ತುರುಕುತ್ತವೆ. ದಯವಿಟ್ಟು ಒಪ್ಪಬೇಡಿ. ಪಿಂಕಾಸ್ ಸಿನಗಾಗ್‌ನ ಗೋಡೆಗಳ ಮೇಲೆ ನಾಜಿಗಳು ಕೊಂದ ಬೊಹಿಮಿಯಾ, ಮೊರಾವಿಯಾದ ಸುಮಾರು 78,000 ಯೆಹೂದಿಗಳ ಹೆಸರುಗಳನ್ನು ಕೈಯಲ್ಲಿ ಬರೆದಿದ್ದಾರೆ. ಪಕ್ಕದ ಹಳೆಯ ಸ್ಮಶಾನದಲ್ಲಿ ಜಾಗವಿಲ್ಲದೆ ಸಮಾಧಿಯ ಮೇಲೆ ಸಮಾಧಿ ಪದರ ಪದರವಾಗಿ ಏರಿವೆ. ಇವನ್ನು ದಣಿದ ಕಾಲಿನಲ್ಲಿ, ಗಡಿಯಾರ ನೋಡಿಕೊಂಡು ನೋಡಬಾರದು. ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಶನಿವಾರ ಮತ್ತು ಯೆಹೂದಿ ಹಬ್ಬಗಳಂದು ಮುಚ್ಚಿರುತ್ತದೆ, ಆದ್ದರಿಂದ ನಿಮ್ಮ ನಡಿಗೆ ಶುಕ್ರವಾರ ಮಧ್ಯಾಹ್ನ ಬಿದ್ದಿದ್ದರೆ ಯೊಸೆಫೊವ್ ಅನ್ನು ಅದೇ ಬೆಳಗ್ಗೆ ಮುಗಿಸಿಕೊಳ್ಳಿ. ಮಾರ್ಗದರ್ಶಕರನ್ನು ಚೌಕದಲ್ಲೇ ಬೀಳ್ಕೊಡಿ. ವಾಪಸಾಗಲು ಸ್ತಾರೊಮ್ಯೆಸ್ಟ್‌ಸ್ಕಾ ಮತ್ತು ಮೂಸ್ತೆಕ್ ಮೆಟ್ರೊ ನಿಲ್ದಾಣಗಳೆರಡೂ ನಡೆದು ಹೋಗುವಷ್ಟು ಹತ್ತಿರದಲ್ಲಿವೆ.